ಬಸಯ್ಯನ ಚಡ್ಡಿಯ ಐದು ಅಳತೆ

ಐವತ್ತು ದಾಟಿದ ಗಂಡಸು ಚಡ್ಡಿ ಹಾಕಿಕೊಂಡು ಕೋರ್ಟಿನ ಮುಂದೆ ಓಡಾಡುವುದನ್ನು ನಾನು ಎಂದೂ ಸಹಿಸಿದವನಲ್ಲ. ಅದರಲ್ಲೂ ಬಾಂಡ್ ಬರೆಯುವ ಬಸಯ್ಯ ಹಾಕುತ್ತಿದ್ದ ಸೈಕಲ್ ಚಡ್ಡಿಯನ್ನು ಚಡ್ಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೈಗಂಟಿದ ಕರೀ ಬಟ್ಟೆ, ಕೂರುವ ಜಾಗದಲ್ಲಿ ಒಂದು ಮೆತ್ತನೆಯ ದಿಂಡು. ಅದನ್ನು ಹಾಕಿಕೊಂಡು ನಡೆದರೆ ಹಿಂದಿನಿಂದ ಬಾತುಕೋಳಿ ಹೋದಂತೆ ಕಾಣುತ್ತಿತ್ತು. ಸಾಲದ್ದಕ್ಕೆ ಹತ್ತು ಹೆಜ್ಜೆಗೊಮ್ಮೆ ನಿಂತು ಎರಡೂ ಕೈಯಿಂದ ಅದನ್ನು ಮೇಲೆ ಎಳೆದುಕೊಳ್ಳುತ್ತಿದ್ದ.

ನಾನು ಮಲೀಕಸಾಬ, ದರ್ಜಿ. ಹುನಗುಂದ ಕೋರ್ಟಿನ ಎದುರು ನನ್ನ ಅಂಗಡಿ. ಮೂವತ್ತು ವರ್ಷ ವಕೀಲರ ಕೋಟು ಹೊಲಿದಿದ್ದೇನೆ. ಬಸಯ್ಯ ಸಾಲಿ ಕಲಿಯುವಾಗಿನಿಂದಲೂ ನನ್ನ ಜೊತೆಯವನು. ಸೂಜಿ ಹಾಕುವವರು ಬಂದ ದಿನ ಕಿಟಕಿ ಹಾರಿ ಓಡಿಹೋಗಿ ಸಂಜೆಯತನಕ ಹುಣಸೆ ಮರ ಇಳಿಯದವನು. ಆ ಪುಕ್ಕಲುತನ ದೊಡ್ಡವನಾದ ಮೇಲೂ ಹೋಗಲಿಲ್ಲ. ಹೋದ ವರ್ಷ ಶುಗರ್ ಏರಿದಾಗ ಡಾಕ್ಟರು ಗುಳಿಗೆ ಬರೆದುಕೊಟ್ಟು, ಇದರಿಂದ ಇಳಿಯದಿದ್ದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ ಎಂದರಂತೆ. ಅಷ್ಟು ಕೇಳಿದ್ದೇ ತಡ, ಬಸಯ್ಯ ಬಾಗಲಕೋಟೆಗೆ ಹೋಗಿ, ರೇಸು ಬಿಟ್ಟ ಹುಡುಗನೊಬ್ಬನಿಂದ ಹಳೇ ಸೈಕಲ್ಲನ್ನೂ ಎರಡು ಚಡ್ಡಿಯನ್ನೂ ಕೊಂಡು ತಂದ. ಸೂಜಿಗೆ ಹೆದರಿ ಸೈಕಲ್ ಹತ್ತಿದ ಶೂರ ಅವನೊಬ್ಬನೇ ಇರಬೇಕು.

ದಿನಾ ಬೆಳಿಗ್ಗೆ ಅಮೀನಗಡದತನಕ ತುಳಿಯುತ್ತಿದ್ದ. ಅಲ್ಲಿ ಏನು ಮಾಡುತ್ತಿದ್ದ ಗೊತ್ತೆ? ಬೆಲ್ಲದ ಕರದಂಟು ತಿನ್ನುತ್ತಿದ್ದ! ತಿಂದದ್ದೆಲ್ಲ ವಾಪಸು ಬರುವಾಗ ಕರಗುತ್ತದೆ ಎಂಬ ಲೆಕ್ಕ ಅವನದು. ಇಂಥ ತಲೆಯವನು ಊರವರ ಜಮೀನಿನ ಕಾಗದ ಬರೆಯುತ್ತಾನೆ.

ಮೊದಲ ಸಲ ಅಂಗಡಿಗೆ ಬಂದಾಗ ಅವನ ಸೊಂಟ ನಲವತ್ತು ಇಂಚು. "ಚಡ್ಡಿ ಜಾರಾಕತ್ತೈತಿ ಮಲೀಕ, ಏನರ ಮಾಡು" ಎಂದ. ಅಳತೆ ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಂಡೆ. ಅದು ನನ್ನ ರೂಢಿ, ಗಿರಾಕಿ ಯಾರೇ ಇರಲಿ. ಹಳೇ ಇಲಾಸ್ಟಿಕ್ ಬಿಚ್ಚಿ ಎರಡು ಬೆರಳು ಅಗಲದ ಹೊಸದನ್ನು ಕೂರಿಸಿದೆ. ವಾರದಲ್ಲಿ ಹೊಟ್ಟೆಯ ಸುತ್ತ ಕೆಂಪು ಬರೆ ಎದ್ದಿತೆಂದು ಅಂಗಿ ಎತ್ತಿ ತೋರಿಸಿದ, ವಕೀಲರ ಮುಂದೆಯೇ.

ಎರಡನೇ ಸಲ ಮೂವತ್ತೆಂಟೂವರೆ. ಇಲಾಸ್ಟಿಕ್ ಸಡಿಲ ಮಾಡಿ ಒಳಗೆ ಲಾಡಿ ಪೋಣಿಸಿದೆ. ಬಗ್ಗಿ ತುಳಿಯುವಾಗ ಲಾಡಿಯ ಗಂಟು ಹೊಕ್ಕುಳಿಗೆ ಒತ್ತುತ್ತದೆ ಎಂದು ಗೊಣಗಿದ. ಅದೂ ಹೋಗಲಿ. ಒಂದು ದಿನ ಐಹೊಳೆ ದಾರಿಯಲ್ಲಿ ಅವಸರವಾಗಿ ಜೋಳದ ಹೊಲಕ್ಕೆ ಓಡಿದ್ದಾನೆ, ಬೆವರಿಗೆ ತೊಯ್ದ ಗಂಟು ಬಿಚ್ಚಲಿಲ್ಲ. ನಿಂತಲ್ಲೇ ಆಗಿಹೋಯಿತು. ಅದನ್ನು ಅವನೇ ಬಂದು ನನಗೆ ಹೇಳಿದ, ಪುಣ್ಯಾತ್ಮ. ನಾನು ಸಂಜೆಯೊಳಗೆ ಕೋರ್ಟಿಗೆಲ್ಲ ಹೇಳಿದೆ. ಮರುದಿನ ಅವನು ಬಾಂಡ್ ಬರೆಯಲು ಕುಳಿತಾಗ ಯಾರೋ ಅವನ ಮೇಜಿನ ಮೇಲೆ ಕೂಸಿನ ಲಂಗೋಟಿ ಇಟ್ಟುಹೋಗಿದ್ದರು. ಅದನ್ನು ಕೊಟ್ಟು ಕಳಿಸಿದವನು ನಾನೇ.

ಮೂರನೇ ಸಲ ಮೂವತ್ತೇಳು. "ನೋಡಲೇ, ಹೊಟ್ಟಿ ಕರಗಾಕತ್ತೈತಿ. ಗುಳಿಗಿ ಬಿಟ್ಟೆ. ಇನ್ನ ಯಾ ಸೂಜಿ ಬೇಕು ನನಗ?" ಎಂದು ಎದೆ ಉಬ್ಬಿಸಿದ. ಹಾಗೆ ಹೇಳುತ್ತ ನನ್ನ ಮಡಕೆಯಿಂದ ಒಂದರ ಮೇಲೊಂದು ಮೂರು ತಂಬಿಗೆ ನೀರು ಕುಡಿದ. ದಿನವಿಡೀ ಎಳೆಯುವ ಎತ್ತು ಕೂಡ ಹಾಗೆ ಕುಡಿಯುವುದಿಲ್ಲ.

"ಹೊಟ್ಟಿ ಅಲ್ಲಲೇ ಬಸ್ಯಾ, ನಿನ್ನ ಬುದ್ಧಿ ಕರಗಾಕತ್ತೈತಿ" ಎಂದೆ.

ಖರೆ ಸೈಕಲ್ಲಿನವರು ಲಾಡಿ, ಇಲಾಸ್ಟಿಕ್ ಎಂದು ಪೇಚಾಡುವುದಿಲ್ಲ, ಭುಜದ ಮೇಲಿಂದ ಪಟ್ಟಿ ಹಾಕುತ್ತಾರೆ, ಹೊಟ್ಟೆಗೆ ಏನೂ ಒತ್ತುವುದಿಲ್ಲ ಎಂದು ನಾನೇ ತಿಳಿಸಿಕೊಟ್ಟೆ. ಅವತ್ತೇ ಎರಡು ಪಟ್ಟಿ ಹಚ್ಚಿಯೂ ಕೊಟ್ಟೆ. ಕನ್ನಡಿಯ ಮುಂದೆ ನಿಂತು, ಆಹಾ, ಭಾಳ ಹಗುರಾಗೈತಿ ಎಂದವನು ನಾಲ್ಕೇ ದಿನಕ್ಕೆ ತಿರುಗಿ ತಂದ. "ಒಂದಕ್ಕ ಹೋಗಬೇಕಾದ್ರ ಪ್ರತಿ ಸಲ ಅಂಗಿ ಕಳೀಬೇಕಲೇ. ಅಮೀನಗಡ ಮುಟ್ಟೂದ್ರಾಗ ಐದು ಸಲ ಕಳದೇನಿ" ಎಂದ. ಐದು ಸಲ ಯಾಕೆ ಹೋಗುತ್ತೀ ಎಂದು ನಾನು ಕೇಳಲಿಲ್ಲ. ಪಟ್ಟಿ ಕಿತ್ತು ಅವನ ಮುಖದ ಮೇಲೆ ಎಸೆದೆ.

ಕಡೆಗೆ ಅವನೇ ಒಂದು ಉಪಾಯ ಕಂಡುಕೊಂಡ. ನಮ್ಮ ಕಡೆ ಗಂಡಸಿನ ಸೊಂಟದಲ್ಲಿ ಹುಟ್ಟಿದಾಗಿನಿಂದ ಉಡದಾರ ಇರುತ್ತದೆ. ಬಸಯ್ಯನದು ದಪ್ಪ ಕರೀ ದಾರ, ನಾಗರಪಂಚಮಿಗೆ ಹೆಂಡತಿ ಇಂದ್ರಾಬಾಯಿ ಹೊಸದು ಕಟ್ಟುತ್ತಾಳೆ. ಚಡ್ಡಿಯ ಮೇಲಂಚನ್ನು ಆ ಉಡದಾರದೊಳಗಿಂದ ತೂರಿಸಿ ಹೊರಗೆ ಮಡಚಿಬಿಟ್ಟ, ಅವನಜ್ಜ ಲಂಗೋಟಿ ಸಿಕ್ಕಿಸುತ್ತಿದ್ದಂತೆ. ಒತ್ತುವುದಿಲ್ಲ, ಜಾರುವುದಿಲ್ಲ, ಬೇಕಾದಾಗ ಸರಕ್ಕನೆ ಇಳಿಯುತ್ತದೆ. ಬಾಗಲಕೋಟೆಯ ರೇಸಿನ ಹುಡುಗರಿಗೂ ತೋರಿಸಿ ಬಂದನಂತೆ. ಅವರು ಎಷ್ಟು ನಕ್ಕರೋ ನನಗೆ ಗೊತ್ತಿಲ್ಲ. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆದರೆ ಎರಡು ತಿಂಗಳಿಗೆ ಮತ್ತೆ ಬಂದ. ಮೂವತ್ತೈದೂವರೆ. ಆಮೇಲೆ ಐದನೇ ಸಲ, ಮೂವತ್ತನಾಲ್ಕು. "ಉಡದಾರನ ಸಡ್ಲಾಗೇತಿ, ಏನ್ ಮಾಡ್ಲಿ?" ಎಂದ. ಮುಖ ಒಣಗಿತ್ತು. ಆದರೂ ಹಲ್ಲು ಕಿರಿಯುತ್ತಿದ್ದ. ಅಳತೆ ಇಳಿದಂತೆಲ್ಲ ನಾನು ಒಳಗೆ ಹಿಡಿದು ಹೊಲಿದಿದ್ದ ಬಟ್ಟೆ ಗಂಟಾಗಿ ಚುಚ್ಚುತ್ತದೆ ಎಂದು ದೂರು ಬೇರೆ.

ಬಟ್ಟೆ ಬಿಗಿ ಮಾಡುವಾಗ ಒಳಗೆ ಎರಡು ಬೆರಳಾದರೂ ಬಿಡಬೇಕು, ನಾಳೆ ಮೈ ಬಂದರೆ ಬಿಚ್ಚಲು ಬೇಕಾಗುತ್ತದೆ. ನನ್ನ ಅಪ್ಪ ನನಗೆ ಮೊದಲು ಕಲಿಸಿದ್ದೇ ಇದನ್ನು. ಎಂಥ ಜಿಪುಣ ವಕೀಲನ ಕೋಟಿನಲ್ಲೂ ನಾನು ಬಿಟ್ಟಿದ್ದೇನೆ. ಅವತ್ತು ಕತ್ತರಿ ತೆಗೆದುಕೊಂಡು ಬಸಯ್ಯನ ಎರಡೂ ಚಡ್ಡಿಯ ಒಳಬಟ್ಟೆಯನ್ನು ಬುಡಕ್ಕೇ ಕತ್ತರಿಸಿ ಚಿಂದಿ ಚೀಲಕ್ಕೆ ಹಾಕಿದೆ. ಇನ್ನು ಈ ಚಡ್ಡಿ ತಗೊಂಡು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ ಎಂಬ ಸಿಟ್ಟು, ಬೇರೇನಲ್ಲ.

ಮುಂದಿನ ರವಿವಾರ ಐಹೊಳೆ ದಾರಿಯಲ್ಲಿ ಸೈಕಲ್ ಮೇಲಿಂದ ಬಿದ್ದವನು ಏಳಲಿಲ್ಲ. ಕೂಲಿಗೆ ಹೊರಟಿದ್ದ ಹೆಣ್ಣುಮಕ್ಕಳು ನೋಡಿ ಟಂಟಂ ಆಟೋ ನಿಲ್ಲಿಸಿ ಹಾಕಿಕೊಂಡು ಹೋದರಂತೆ. ಎರಡು ದಿನ ಬಾಗಲಕೋಟೆಯ ದವಾಖಾನೆಯಲ್ಲಿ ಎಚ್ಚರವೇ ಇರಲಿಲ್ಲ.

ಮೂರನೇ ದಿನ ಇಂದ್ರಾಬಾಯಿ ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದಳು. ಬೈಯಲು ಬಂದಿದ್ದಾಳೆ ಎಂದುಕೊಂಡೆ. ಲಂಗೋಟಿ ಕೊಟ್ಟು ಕಳಿಸಿದ ಸುದ್ದಿ ಆಕೆಗೂ ಮುಟ್ಟಿರಬೇಕಲ್ಲ. ಆಕೆ ಕೂರಲೂ ಇಲ್ಲ.

"ಅಣ್ಣಾರ, ಶುಗರ್ ಏರಿ ಮೈ ಇಳದೈತಂತ, ಯಾವಾಗಿಂದ ಇಳಿಯಾಕತ್ತೈತಿ ಅಂತ ಡಾಕ್ಟರ್ ಕೇಳ್ಯಾರ. ನಮ್ಮನಿಯವರು ಮನ್ಯಾಗ ಲುಂಗಿ ಉಡತಾರ, ನನಗ ತಿಳೀಲಿಲ್ರಿ. ಜಳಕಾ ಮಾಡೂ ಮುಂದ ಉಡದಾರ ಗಂಟ ಬಿಚ್ಚದ ಕಾಲಾಗ ಬಿತ್ತಂತ ಅವರ ನಕ್ಕೋತ ಹೇಳಿದ್ರು. ನೀವು ಅಳತಿ ಬರದಿರ್ತೀರಲ್ರಿ. ನಿಮಗ ಗೊತ್ತಿರಬೇಕು."

ಪುಸ್ತಕ ತೆರೆದೆ. ಒಂದೊಂದೇ ತಾರೀಖು, ಒಂದೊಂದೇ ಅಳತೆ ಓದಿದೆ. ಆಕೆ ಬಸ್ ಟಿಕೀಟಿನ ಹಿಂದೆ ಬರೆದುಕೊಂಡಳು. ನಲವತ್ತರಿಂದ ಮೂವತ್ತನಾಲ್ಕು, ಹತ್ತು ತಿಂಗಳು. ಮೂವತ್ತನಾಲ್ಕು ಎನ್ನುವಾಗ ನನ್ನ ದನಿ ನನಗೇ ಕೇಳಲಿಲ್ಲ. ಇನ್ನೊಮ್ಮೆ ಹೇಳ್ರಿ ಎಂದಳು. ಹೇಳಿದೆ. ಸೆರಗು ಸರಿಮಾಡಿಕೊಂಡು ಹೋದಳು, ಒಂದೂ ಕೆಟ್ಟ ಮಾತಾಡಲಿಲ್ಲ. ಆ ಐದು ಸಲವೂ ಟೇಪು ಹಿಡಿದದ್ದು ಈ ಕೈ. ನಕ್ಕದ್ದೂ ಈ ಬಾಯಿಯೇ. ನನ್ನಷ್ಟು ಹಗುರ ಮನುಷ್ಯ ಹುನಗುಂದದಲ್ಲಿ ಇನ್ನೊಬ್ಬನಿಲ್ಲ.

ಬಸಯ್ಯ ಉಳಿದುಕೊಂಡ. ನಾಲ್ಕು ತಿಂಗಳ ಮೇಲೆ, ಮೊನ್ನೆ ಸೋಮವಾರ, ಚಡ್ಡಿಯ ಗಂಟು ಬಗಲಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದ. ಗಲ್ಲ ತುಂಬಿತ್ತು.

"ದಿನಕ್ಕ ಎರಡ ಸಲ ನಾನ ಚುಚ್ಕೋತೇನಲೇ ಮಲೀಕ. ಇರಿವಿ ಕಡದಂಗ, ಅಷ್ಟ. ಇದಕ್ಕ ಹೆದರಿ ಸಾಯಾಕ ಹೋಗಿದ್ನಲ್ಲ" ಎಂದು ಅಂಗಿ ಎತ್ತಿ ಹೊಟ್ಟೆಯ ಮೇಲಿನ ಸಣ್ಣ ಚುಕ್ಕೆಗಳನ್ನು ತೋರಿಸಿದ. "ಮೈ ಬಂದೈತಿ. ಹಗೂರಕ ಸೈಕಲ್ ಹೊಡಿ ಅಂದಾರ ಡಾಕ್ಟರ್. ಚಡ್ಡಿ ತೊಡ್ಯಾಗ ಏರವಲ್ದು. ಬಿಚ್ಚಿ ಕೊಡು. ಒಳಗ ಬಟ್ಟಿ ಬಿಟ್ಟಿರ್ತಿ ಅಲ್ಲ, ನೀ ಬಿಡಲಾರದವ ಅಲ್ಲ."

ಚಡ್ಡಿಯನ್ನು ಒಳಮಗ್ಗಲು ತಿರುವಿದೆ. ಅವನೂ ಬಗ್ಗಿ ನೋಡಿದ.

"ಇಲ್ಲ. ಕತ್ತರಿಸೇನಿ" ಎಂದೆ.

"ಯಾಕ್ಲೇ?"

"ನೀ ಮತ್ತ ಬರಬಾರ್ದಂತ."

ಬಸಯ್ಯ ಎಂದಿನಂತೆ ನಕ್ಕ. ನಾನು ಯಾವಾಗಲೂ ಹೀಗೇ ಮಾತಾಡುವವನಲ್ಲವೇ! ನಗುತ್ತಲೇ ಎರಡೂ ಕೈ ಮೇಲೆತ್ತಿ ಅಳತೆಗೆ ನಿಂತ. ಟೇಪು ಸುತ್ತಿ, ಅವನಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಮೂವತ್ತಾರೂವರೆ.