ಕೈಗವಸಿನ ಮಡಿ

ಆಗ ಅಮೆರಿಕದ ಎಮರಿವಿಲ್ಲಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ನನಗೆ ಇಲಿಯ ಮೆದುಳಿನ ಜೀವಕೋಶಗಳ ಜೊತೆ ಕೆಲಸ. ಪರಿಚಯದವರ ಮನೆಗೆ ಊಟಕ್ಕೆ ಹೋದರೆ ಎಲ್ಲರದೂ ಸ್ಟಾರ್ಟಪ್ಪು, ಶೇರು ಎಂಬ ಮಾತೇ. ನನ್ನ ಕೆಲಸ ಏನೆಂದು ಕೇಳಿದವರು ಉತ್ತರ ಮುಗಿಯುವ ಮೊದಲೇ ಸಾರು ಬಡಿಸಿಕೊಳ್ಳುತ್ತಿದ್ದರು.

ಹೇಳಲು ಕಷ್ಟವಾದ ಕೆಲಸವೇನಲ್ಲ. ನರಕೋಶದ ನಡುಭಾಗದಲ್ಲಿ ಆರ್‌ಎನ್‌ಎ ಎಂಬ ಚೀಟಿ ಬರೆಯಲ್ಪಡುತ್ತದೆ. ಅದು ದೂರದ ಕೊಂಬೆಯ ತುದಿಗೆ, ಇನ್ನೊಂದು ಕೋಶವನ್ನು ಮುಟ್ಟುವ ಸಂಧಿಗೆ ತಲುಪಬೇಕು. ಅದನ್ನು ಹೊತ್ತೊಯ್ಯಲು ಕೆಲವು ಪ್ರೋಟೀನುಗಳಿವೆ. ಅವು ಚೀಟಿಯನ್ನು ಗಟ್ಟಿಯಾಗಿ ಹಿಡಿದಿದ್ದು, ಸಂಧಿಯಿಂದ ಕರೆ ಬಂದಾಗಲೇ ಓದಲು ಬಿಡುತ್ತವೆ. ಓದಿದರೆ ಅಲ್ಲೇ ಹೊಸ ಪ್ರೋಟೀನು ತಯಾರಾಗಿ ಸಂಧಿ ಬಲಗೊಳ್ಳುತ್ತದೆ. ನೆನಪು ಬಹಳ ದಿನ ಉಳಿಯಲು ಇದು ಬೇಕು. ಅಂಥ ಒಂದು ಪ್ರೋಟೀನು ಯಾವ್ಯಾವ ಚೀಟಿ ಹೊರುತ್ತದೆ ಎಂದು ನಾನು ಕಂಡುಹಿಡಿಯಬೇಕಿತ್ತು.

ಕಷ್ಟವಿದ್ದದ್ದು ಬೇರೆ ಕಡೆ. ಆರ್‌ಎನ್‌ಎ ಮಹಾ ನಾಜೂಕು. ನಮ್ಮ ಚರ್ಮದ ಮೇಲಿರುವ ಒಂದು ಕಿಣ್ವ ಸೋಕಿದರೆ ಸಾಕು, ಚೂರುಚೂರು. ಅದಕ್ಕೇ ಕೈಗವಸು, ಒಲೆಯಲ್ಲಿ ಸುಟ್ಟ ಗಾಜು, ಆ ಕಿಣ್ವ ತೆಗೆದ ಬೇರೆಯೇ ನೀರು. ಎಲ್ಲ ಸರಿಯಿದ್ದರೆ ಪರೀಕ್ಷೆಯಲ್ಲಿ ಎರಡು ಸ್ಪಷ್ಟ ಗೆರೆ ಕಾಣಬೇಕು. ನನಗೆ ಎರಡು ತಿಂಗಳಿಂದ ಕಾಣುತ್ತಿದ್ದದ್ದು ಕಾಲಲ್ಲಿ ಒರೆಸಿದ ರಂಗೋಲಿ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಅದನ್ನೇ ಮಾಡಿದೆ. ನಮ್ಮಲ್ಲಿ ಗಾಜು ತೊಳೆಯಲು ವಿಯೆಟ್ನಾಮಿನ ಒಬ್ಬ ಹೆಂಗಸಿದ್ದಳು. ಐವತ್ತು ದಾಟಿದವಳು, ಮಾತು ಕಡಿಮೆ. ತೊಳೆಯುವುದು ಸರಿಯಿಲ್ಲ ಎಂದು ಮೇಲಿನವರಿಗೆ ಹೇಳಿಬಿಟ್ಟೆ. ಅವರು ವಿಚಾರಿಸಲೂ ಇಲ್ಲ. ತಿಂಗಳು ಮುಗಿಯುವುದರೊಳಗೆ ಬೇರೆ ಕೆಲಸ ನೋಡಿಕೊಳ್ಳಲು ಅವಳಿಗೆ ಹೇಳಿದರು. ನನಗೆ ಸ್ವಲ್ಪ ಕಸಿವಿಸಿಯಾಯಿತು, ನಿಜ. ಆದರೂ ಊಟ ಸೇರಿತು, ನಿದ್ದೆ ಬಂತು.

ಆ ವಾರ ಧಾರವಾಡದಿಂದ ಬಂದಿದ್ದ ಅತ್ತೆ ಮನೆಯಲ್ಲಿದ್ದರು. ಅವರು ಮಡಿಯವರು. ಬಾತ್‌ರೂಮಿನ ಪರದೆಯ ಕೋಲಿನ ಮೇಲೆ ಸೀರೆ ಒಣಹಾಕಿ, ಅದನ್ನು ಯಾರೂ ಮುಟ್ಟಬಾರದೆಂದು ಕಾವಲು ಕೂರುತ್ತಿದ್ದರು. ನಾನು ರೇಗುತ್ತಿದ್ದೆ, ಅವರು ಕೇಳಿಸದಂತಿರುತ್ತಿದ್ದರು. ಶನಿವಾರ ಒಬ್ಬರನ್ನೇ ಬಿಟ್ಟುಹೋಗಲಾಗದೆ ಪ್ರಯೋಗಾಲಯಕ್ಕೆ ಕರೆದೊಯ್ದು ಬಾಗಿಲ ಬಳಿ ಕೂರಿಸಿದೆ. ಯಾಕಿಷ್ಟು ಕೈಗವಸು ಎಂದು ಕೇಳಿದರು. ಬರಿಗೈ ಸೋಕಿದರೆ ಕೆಡುತ್ತದೆ ಎಂದೆ. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅರ್ಧ ಗಂಟೆ ನನ್ನ ಕೈಯನ್ನೇ ನೋಡಿದರು.

"ಅಲ್ಲಾ, ಆ ಕೈಲೇ ಮಂಗಳಸೂತ್ರಾ ಹಿಡದಿ, ಮತ್ತ ಅದ ಕೈಲೇ ಆ ನಳಿಗಿ ಮುಚ್ಚಳಾ ತಗದಿ. ಇದೆಂಥಾ ಮಡಿ?"

ಯೋಚಿಸುವಾಗ ಸರದ ಮಣಿಗಳನ್ನು ಸರಿಸುತ್ತ ಕೂರುವುದು ನನ್ನ ಅಭ್ಯಾಸ. ಕತ್ತಿನ ಬೆವರೆಲ್ಲ ಕೈಗವಸಿಗೆ, ಅಲ್ಲಿಂದ ಚೀಟಿಗೆ. ಸರವನ್ನು ಬಿಚ್ಚಿ ಅತ್ತೆಯ ಕೈಗಿತ್ತು, ಹೊಸ ಕೈಗವಸು ಹಾಕಿ, ಅದೇ ಹೆಂಗಸು ತೊಳೆದಿಟ್ಟ ಗಾಜಿನಲ್ಲಿ ಎಲ್ಲವನ್ನೂ ಮೊದಲಿಂದ ಮಾಡಿದೆ. ಸೋಮವಾರ ಎರಡು ಗೆರೆಗಳೂ ಬಂದವು.

ಮೇಲಿನವರು ಗೆರೆಗಳನ್ನು ನೋಡಿ ಬಹಳ ಖುಷಿಪಟ್ಟರು. ತಪ್ಪು ನನ್ನದು, ಅವಳದಲ್ಲ ಎಂದದ್ದು ಅವರಿಗೆ ಕೇಳಿಸಲಿಲ್ಲ. ಎರಡನೇ ಸಲ ಬಾಗಿಲು ಹಾಕಿ ಹೇಳಿದೆ. ಅವಳ ಕೆಲಸ ಉಳಿಯಿತು. ಮಡಿ ಅಂದರೆ ಮೂಗು ಮುರಿಯುತ್ತಿದ್ದವಳು ನಾನು. ಮೈಲಿಗೆಯನ್ನು ಹುಡುಕಲು ಮಾತ್ರ ನೇರ ಪಾತ್ರೆ ತೊಳೆಯುವವಳ ಕೈಗೇ ಹೋಗಿದ್ದೆ. ಇಂದಿಗೂ ಇದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವಳ ಬಳಿ ಹೋಗಿ ತಪ್ಪಾಯಿತೆಂದೆ. ಅವಳು ನಲ್ಲಿ ನಿಲ್ಲಿಸಿದಳು. ನನ್ನ ಕೈ ಎಲ್ಲೆಲ್ಲಿಗೆ ಹೋಗುತ್ತದೆಂದು ತಿಂಗಳ ಹಿಂದೆಯೇ ಕಂಡಿದ್ದಳಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಾನು ಹೇಳಿದ್ದರೆ ನೀನು ನಂಬುತ್ತಿದ್ದೆಯಾ?" ಎಂದಳು.

ಇಲ್ಲ ಎಂದೆ. ಅವಳು ತಲೆಯಾಡಿಸಿ ಮತ್ತೆ ನಲ್ಲಿ ತಿರುಗಿಸಿದಳು.