ಹತ್ತು ಮಾರು ರಸ್ತೆ

ಕಾಲಿಗೆ ಬಿಡುವು ಕೊಡುವ ಯಂತ್ರಗಳ ಮೇಲೆ ನನಗೆ ಮೊದಲಿನಿಂದಲೂ ಪಕ್ಷಪಾತ. ಬುಟ್ಟಿ ಹೊತ್ತು ನಡೆದೇ ಆಯುಷ್ಯ ಸವೆಸಿದವರ ಮನೆತನದಲ್ಲಿ ಪದವಿಯ ಕಾಗದ ಕಂಡ ಮೊದಲಿಗ ನಾನು. ಬ್ಯಾಂಕಿನ ನೌಕರಿಯಲ್ಲಿ ನಾಸಿಕಕ್ಕೆ ವರ್ಗವಾಗಿ ಬಂದು ಕಾರು ಕೊಳ್ಳುವಾಗ, ಗುಂಡಿ ಒತ್ತಿದರೆ ತಾನಾಗಿಯೇ ಒಂದೇ ವೇಗದಲ್ಲಿ ಓಡುವ ‘ಕ್ರೂಸ್ ಕಂಟ್ರೋಲ್’ ಇದ್ದುದನ್ನೇ ಹುಡುಕಿ ಕೊಂಡೆ. ಕಚೇರಿ ಕೆಲಸಕ್ಕೆಂದು ತಿಂಗಳಿಗೆರಡು ಸಲ, ಈಗ ಛತ್ರಪತಿ ಸಂಭಾಜಿನಗರವಾಗಿರುವ ಆಗಿನ ಔರಂಗಾಬಾದಿಗೆ ಹೋಗುವಾಗ ಪೆಡಲಿನಿಂದ ಕಾಲು ತೆಗೆದು ಕೂರುವುದೇ ನನ್ನ ಐಶ್ವರ್ಯ. ಆದರೆ ಓದುಗ ಮಿತ್ರರೇ, ಈ ಐಶ್ವರ್ಯ ಯೇವಲಾ ದಾಟಿ, ಒಂದು ಸಣ್ಣ ಹಳ್ಳದ ಸೇತುವೆಯ ಆಚೆ, ಪ್ರತಿ ಸಲವೂ ಅದೇ ಜಾಗದಲ್ಲಿ ಟಿಣ್ ಎಂದು ನನ್ನ ಕೈಬಿಡುತ್ತಿತ್ತು.

ಗ್ಯಾರೇಜಿನವನು ಮೂರು ಸಲ ನೋಡಿದ. ಕೊನೆಗೆ, “ಸಾಹೇಬ್, ಗಾಡೀ ಏಕ್‌ದಮ್ ಠೀಕ್ ಆಹೇ, ರಸ್ತಾಚ್ ಖರಾಬ್ ಆಹೇ” ಎಂದು ಕೈತೊಳೆದುಕೊಂಡ. ಅಲ್ಲಿ ರಸ್ತೆ ಅಲೆಯಂತೆ ಎದ್ದು ಬಿದ್ದಿದೆ, ಚಕ್ರ ಜಿಗಿದಾಗ ಗಾಡಿ ಅದು ಜಾರಿತೆಂದು ತಿಳಿದು ಕ್ರೂಸನ್ನು ಬಂದ್ ಮಾಡುತ್ತದೆ ಎನ್ನುವುದು ಅವನ ನಿದಾನ.

ದೋಷ ರಸ್ತೆಯದೆಂದ ಮೇಲೆ ನಾನು ಸುಮ್ಮನಿರುವುದುಂಟೆ? ನಮ್ಮ ಓಣಿಯ ರೇಷನ್ ಕಾರ್ಡಿನಿಂದ ವಿಧವಾ ವೇತನದವರೆಗೆ ಎಲ್ಲರ ಅರ್ಜಿ ಬರೆದು ಪಳಗಿದ ಕೈ ಇದು. ರಸ್ತೆ ಇಲಾಖೆಗೆ ಎರಡು ಪುಟ ಬರೆದೆ. ಬೈಕಿನವರು ಅಲ್ಲಿ ಜಾರಿ ಬೀಳುವುದನ್ನೂ, ತೇಪೆ ಹಾಕಿ ಪ್ರಯೋಜನವಿಲ್ಲವೆಂಬುದನ್ನೂ ವಿವರಿಸಿದೆ. ಆಶ್ಚರ್ಯವೆಂದರೆ, ಉತ್ತರವೂ ಬಂತು: ಆ ಭಾಗವನ್ನು ಅಗೆದು, ತಳದಿಂದ ಮತ್ತೆ ಕಟ್ಟಲಾಗುವುದು.

ಬೆಳಗಿನ ಚಹಾದ ಹೊತ್ತಿಗೆ ಆ ಪತ್ರವನ್ನು, ನಾಸಿಕದಲ್ಲಿ ನನ್ನೊಡನೆಯೇ ಇದ್ದ ಅಪ್ಪ, ಅವ್ವನ ಮುಂದೆ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಇಬ್ಬರೂ ವಿಜಯಪುರದ ಕಡೆಯಿಂದ ಬಂದು ಈ ಸೀಮೆಯ ರಸ್ತೆಗಳಿಗೆ ಖಡಿ ಹಾಸಿದವರು. ಮಗನ ಕಾಗದಕ್ಕೆ ಸರಕಾರ ಅಲುಗಿದ್ದನ್ನು ಕೇಳಿ ಹಿಗ್ಗುತ್ತಾರೆಂದು ನನ್ನ ಎಣಿಕೆ.

ಅಪ್ಪ ಚಹಾದ ಬಸಿ ಕೆಳಗಿಟ್ಟ. “ಎಷ್ಟ ಆಳ ತೋಡತಾರಂತ?”

“ತಳದ ತನಕ. ಯಾಕಪಾ?”

ಅಪ್ಪ ಅವ್ವನ ಕಡೆ ನೋಡಲಿಲ್ಲ. ನಾನು ಊರಲ್ಲಿ ಅಜ್ಜಿಯ ಹತ್ತಿರ ಶಾಲೆ ಕಲಿಯುತ್ತಿದ್ದಾಗ, ಇವರ ರಸ್ತೆಯ ಜೋಪಡಿಯಲ್ಲಿ ನನಗೊಬ್ಬ ತಂಗಿ ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿದ್ದಳು. ನನಗೆ ಗೊತ್ತಿದ್ದುದು ಇಷ್ಟೇ. ಎಳೆಗೂಸನ್ನು ಹೂಳುವಾಗ ತಾಯಿ ಹೋಗಬಾರದು, ಆ ಜಾಗವನ್ನು ಆಕೆಗೆ ತೋರಿಸಲೂಬಾರದು, ತೋರಿಸಿದರೆ ಮುಂದೆ ಬಸಿರು ನಿಲ್ಲುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಅಪ್ಪ ಅದನ್ನು ಪಾಲಿಸಿದ್ದ. ಉಳಿದದ್ದು ಈಗ ಅವನ ಬಾಯಿಂದ ಬಂತು: ಆ ಹಳ್ಳದ ಸೇತುವೆಯಾಚೆ ರಸ್ತೆಯಂಚಿನಲ್ಲಿ ಹೂಳಿ ಬಂದು ಬಾಯಿ ಹೊಲಿದುಕೊಂಡಿದ್ದ. ಎರಡು ವರ್ಷಕ್ಕೆ ಅದೇ ರಸ್ತೆಯನ್ನು ಅಗಲ ಮಾಡಲು ಕರೆ ಬಂತು, ಇವರದೇ ಗುಂಪಿಗೆ.

“ರೋಲರಿನಂವಗ ಕೈ ಮುಗದೆ,” ಎಂದ ಅಪ್ಪ. “ಹತ್ತು ಮಾರು ಬಿಟ್ಟು ಹಾಯ್ಸೋ ತಮ್ಮಾ ಅಂದೆ. ಹಸುಗೂಸಿನ ಮ್ಯಾಲೆ ಅಷ್ಟ ಭಾರ ಹ್ಯಾಂಗ ಹಾಯಸಲಿ? ಅಂವಾ ಒಳ್ಳೆಯಂವ ಇದ್ದ, ಅಷ್ಟ ಬಿಟ್ಟು ಬಾಜೂಕ ಹಾಯಿಸಿಕೊಂಡು ಹ್ವಾದ. ಆ ಮಣ್ಣು ಗಟ್ಟಿ ಆಗಲೇ ಇಲ್ಲ.”

ಚಕ್ರಗಳ ಚಂಚಲತೆಗೆ ನಾನು ಹುಡುಕಿದ್ದ ವೈಜ್ಞಾನಿಕ ಕಾರಣಗಳೆಲ್ಲ ಆ ಚಹಾದಂತೆಯೇ ತಣ್ಣಗಾದವು. ನನ್ನ ಎರಡು ಪುಟದ ಪಾಂಡಿತ್ಯ ತಂಗಿಯ ಮೇಲೆ ಗುದ್ದಲಿ ತಂದಿತ್ತು.

ಅವ್ವ ಸೀರೆಯ ಅಂಚನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, “ನನಗ ತೋರಸ್ರಿ” ಎಂದಳು.

“ತೋರಸಬಾರದ ಅಂತಾರಲ್ಲ.”

“ಎಪ್ಪತ್ತರ ಮುದುಕಿ, ಇನ್ನೇನ ಹಡೀಬೇಕಾಗೇತ್ರಿ ನಾ? ಏಳ್ರಿ ಮ್ಯಾಲ.”

ಹೋದೆವು. ಅಂದು ನಾನು ಗುಂಡಿ ಒತ್ತಲಿಲ್ಲ. ಸೇತುವೆಯಾಚೆ ಕಾರು ಒಮ್ಮೆ ಜೋಲಿ ಹೊಡೆಯಿತು. ಅಪ್ಪ “ಇಲ್ಲೇ” ಎಂದ. ಅಲ್ಲಿದ್ದ ಬೇವಿನ ಮರಗಳು ಎಂದೋ ಹೋಗಿದ್ದವು, ಗುರುತಿಗೆ ಉಳಿದಿದ್ದುದು ಆ ಜೋಲಿಯೊಂದೇ. ಇಲಾಖೆಯವರು ಆಗಲೇ ಸುಣ್ಣದ ಗೆರೆ ಎಳೆದು ಹೋಗಿದ್ದರು.

ಅವ್ವ ಚಪ್ಪಲಿ ಕಳಚಿ ಗೆರೆಯ ಹತ್ತಿರ ನಿಂತಳು. ಈರುಳ್ಳಿ ಹೇರಿದ ಟ್ರ್ಯಾಕ್ಟರೊಂದು ಕುಲುಕಾಡಿ ದಾಟಿತು. ಅದರ ಬೆನ್ನಿಗೇ ಬೈಕಿನಲ್ಲಿ ಬಂದ ಗಂಡ ಹೆಂಡತಿ, ನಡುವೆ ಮಗು. ಬೈಕು ಅಲೆಗೆ ಸಿಕ್ಕಿ ಹೊಯ್ದಾಡಿ, ಹೇಗೋ ಸಾವರಿಸಿಕೊಂಡಿತು. ಅವ್ವನ ಎರಡೂ ಕೈ ತಾವಾಗಿಯೇ ಮುಂದಕ್ಕೆ ಚಾಚಿದ್ದವು.

“ಅವ್ವಾ, ಅರ್ಜಿ ತಿರುಗಿ ತಗೋತೇನಿ. ತೋಡಬ್ಯಾಡ್ರಿ ಅಂತ ಬರೀತೇನಿ” ಎಂದೆ, ಅದು ಆಗದ ಮಾತೆಂದು ಗೊತ್ತಿದ್ದೂ.

“ಬ್ಯಾಡ” ಎಂದಳು ಅವ್ವ, ಬೈಕು ಹೋದ ಕಡೆಯೇ ನೋಡುತ್ತ. ಆಮೇಲೆ ಅಪ್ಪನಿಗೆ, “ರೋಲರ್ ಹಾಯಲಿ ಬಿಡ್ರಿ. ಆಕಿ ಯಾವಾಗೋ ಮಣ್ಣಾಗ್ಯಾಳ. ಈಗ ನೋಯೂದಿಲ್ಲ ಆಕಿಗೆ.”

ಅಪ್ಪ ಕುಕ್ಕರಗಾಲಲ್ಲಿ ಕೂತು, ಬಿಸಿಲಿಗೆ ಕಾದ ಡಾಂಬರಿನ ಮೇಲೆ ಅಂಗೈ ಇಟ್ಟ. ತೆಗೆಯಲೇ ಇಲ್ಲ. ಕೈ ಸುಡುತ್ತದೆ ಏಳಪಾ ಎಂದು ರಟ್ಟೆ ಹಿಡಿದಾಗ, ನನ್ನ ಮುಖ ನೋಡದೆ ಹೇಳಿದ:

“ಬರಿಯೂದಾದ್ರ ಇಷ್ಟ ಬರಿ. ಸಾವಕಾಶ ಹಾಯಸ್ರಿ ಅಂತ.”