ಮ್ಯೂಸಿಯಂನಲ್ಲಿ ನಮ್ಮ ತೊಟ್ಟಿಲು

ಗೆಳೆಯರೇ, ಇವತ್ತು ಗಾಳಿ ಮಳೆಯಲ್ಲೇ ಅಮ್ಮನನ್ನು ಕುಣಿಗಲ್ ಕಡೆಯ ಒಂದು ಕೋಟೆಗೆ ಕರೆದುಕೊಂಡು ಹೋಗಿದ್ದೆ. ಗುಬ್ಬಿಯ ಹಳೇ ಮನೆ ಕೆಡವಿದಾಗ ನಮ್ಮ ತೊಟ್ಟಿಲನ್ನು ಅಲ್ಲಿನ ಮ್ಯೂಸಿಯಂಗೆ ಕೊಟ್ಟಿದ್ದೆವು. ಅಮ್ಮನಿಗೆ ಅದನ್ನೊಮ್ಮೆ ನೋಡಬೇಕಿತ್ತು.

ಒಳಗೆ ಕರೆಂಟ್ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಹುಡುಕಿದರೆ, ತೊಟ್ಟಿಲ ಮುಂದೆ ‘ಪಾಳೇಗಾರರ ಕಾಲದ್ದು’ ಎಂಬ ಚೀಟಿ. ಚಾವಣಿಯಿಂದ ಸೋರಿದ ನೀರು ತೊಟ್ಟಿಲೊಳಗೆ ನಿಂತಿತ್ತು. ಅಮ್ಮ ಸೆರಗಿನಿಂದ ಒರೆಸಲು ಹೋದಳು.

“ಅಜ್ಜಿ, ಮುಟ್ಬೇಡಿ, ಹಾಳಾಗುತ್ತೆ,” ಎಂದ ಗಾರ್ಡ್.

“ನೀರಲ್ಲಿ ಕೊಳೀತಾ ಐತಲ್ಲಪ್ಪ. ನನ್ನ ನಾಕು ಮಕ್ಳೂ ಇದ್ರಲ್ಲೇ ಮಲಗಿದ್ದು. ಒಂದು ಇದ್ರಲ್ಲೇ ಕಣ್ಮುಚ್ತು.”

ಅವನು ಚಾವಣಿ ಕಡೆ ನೋಡಿದ. “ರೂಲ್ಸು ಅಜ್ಜಿ, ನಾನೇನ್ ಮಾಡ್ಲಿ,” ಎಂದವನೇ ಒಂದು ಪ್ಲಾಸ್ಟಿಕ್ ಬಕೆಟ್ ತಂದು, ನೀರು ಬೀಳುವ ಜಾಗ ನೋಡಿ ತೊಟ್ಟಿಲೊಳಗೇ ಇಟ್ಟ.

ಅಮ್ಮ ಅದನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ, “ನಡಿ ಕಣೋ, ಬಸ್ಸು ಹೋಗ್ಬುಡ್ತದೆ,” ಎಂದಳು.

ಹೊಸ ಮನೆಯಲ್ಲಿ ಜಾಗವಿಲ್ಲ, ಶೆಡ್ಡಿನಲ್ಲಿಟ್ಟರೆ ಮಳೆಗೆ ನೆನೆದು ಹಾಳಾಗುತ್ತದೆ, ಮ್ಯೂಸಿಯಂನಲ್ಲಾದರೆ ಜೋಪಾನವಾಗಿರುತ್ತದೆ ಎಂದು ಅಮ್ಮನನ್ನು ಒಪ್ಪಿಸಿದ್ದ ಬುದ್ಧಿವಂತ ನಾನೇ.